ಮಗುವಿನ ಹೇಳಿಕೆಯೂ ಒಡನಿರುವವರೂ: ಪೋಕ್ಸೊ ನಿಯಮಾವಳಿಯ ಒಂದು ವಿಮರ್ಶೆ

೧

ಶಾಸನವೆಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳುಂಟು. ಬಂಡೆಯ ಮೇಲೆ ಕೊರೆದ ಬರಹವೂ ಶಾಸನವೇ. ಜನಪ್ರತಿನಿಧಿಗಳ ಸಭೆ ಅಂಗೀಕರಿಸಿದ ಕಾನೂನೂ ಶಾಸನವೇ. ಮೊದಲನೆಯದನ್ನು ಓದುವಾಗ ಚರಿತ್ರೆಯ ಅಭ್ಯಾಸಿಗಳು ಕೆಲವು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತಾರೆ. ಆಜ್ಞೆ ಯಾರದು? ಯಾರನ್ನು ಕುರಿತದ್ದು? ಅದನ್ನು ಕಟ್ಟಕಡೆಗೆ ಜನರ ಬಳಿಗೆ ಒಯ್ಯಬೇಕಾದವರು ಯಾರು? ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವು ಸುವರ್ಣಗಿರಿಯ ಆರ್ಯಪುತ್ರನಿಂದಲೂ ಮಹಾಮಾತ್ರರಿಂದಲೂ ಇಸಿಲದ ಮಹಾಮಾತ್ರರಿಗೆ ಕಳುಹಿಸಲ್ಪಟ್ಟದ್ದು. ಆಜ್ಞೆಯೊಂದು ಕೈಯಿಂದ ಕೈಗೆ ಸಾಗಿಬಂದ ಬಗೆ ಅದರಲ್ಲಿಯೇ ದಾಖಲಾಗಿದೆ. ಎರಡನೆಯ ಬಗೆಯ ಶಾಸನಗಳನ್ನು ಓದುವಾಗಲೂ ಇದೇ ಪ್ರಶ್ನೆಗಳನ್ನು ಕೇಳುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ಬರೆಯಲಾಗಿದೆ.

ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ೨೦೧೨ರ ಅಧಿನಿಯಮ, ಅಂದರೆ ಪೋಕ್ಸೊ ಕಾಯಿದೆ, ಮತ್ತು ಅದರ ಅಡಿಯಲ್ಲಿ ೨೦೨೦ರ ಮಾರ್ಚಿಯಲ್ಲಿ ಪ್ರಕಟವಾದ ನಿಯಮಾವಳಿ. ಕಾಯಿದೆಯು ವಿಧಿಸುವ ಶಿಕ್ಷೆಗಳ ವಿಚಾರ ಪ್ರಕೃತಕ್ಕೆ ಸಂಬಂಧಿಸಿದ್ದಲ್ಲ. ದೂರು ಕೊಟ್ಟ ದಿನದಿಂದ ತೀರ್ಪು ಬರುವ ದಿನದವರೆಗೆ ಮಗುವಿನ ಜೊತೆಯಲ್ಲಿ ಯಾರಿರುತ್ತಾರೆ, ಅದರ ತಾಯಿತಂದೆಗಳಿಗೆ ದಾರಿ ತೋರಿಸುವವರು ಯಾರು ಎಂಬುದೇ ಇಲ್ಲಿಯ ವಿಷಯ. ಕಾಯಿದೆಯಲ್ಲಿ ಮಗುವಿಗೆ ದೊರೆತಿರುವ ರಕ್ಷಣೆಗಳು ಅನೇಕ. ಆದರೆ ಅವುಗಳನ್ನೆಲ್ಲ ಒಂದು ದಾರದಲ್ಲಿ ಪೋಣಿಸಬಲ್ಲ ಏಕೈಕ ಏರ್ಪಾಡನ್ನು ನಿಯಮಾವಳಿಯು ಐಚ್ಛಿಕವಾಗಿ ಬಿಟ್ಟಿದೆ. ಇದರ ಫಲವನ್ನು ಹೆಚ್ಚಾಗಿ ಉಣ್ಣುವವರು ಜಿಲ್ಲಾ ಕೇಂದ್ರದಿಂದ ದೂರವಿರುವ ತಾಲ್ಲೂಕುಗಳ ಬಡ ಮನೆತನಗಳವರು. ಇದೇ ಈ ವಿಮರ್ಶೆಯ ಮುಖ್ಯ ಅಭಿಪ್ರಾಯ.

೨

ಮಗುವಿನ ದೇಹಕ್ಕೆ ಕಾನೂನಿನ ರಕ್ಷಣೆ ದೊರೆತದ್ದು ನಮ್ಮ ದೇಶದಲ್ಲಿ ಬಹಳ ಹಿಂದಿನ ಮಾತಲ್ಲ. ೧೮೮೯ರಲ್ಲಿ ಕಲ್ಕತ್ತೆಯಲ್ಲಿ ಫೂಲ್‌ಮಣಿ ಎಂಬ ಬಾಲಿಕೆ ಮೃತಳಾದ ಮೇಲೆ ದೊಡ್ಡ ಚರ್ಚೆ ಎದ್ದು, ೧೮೯೧ರಲ್ಲಿ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಲಾಯಿತು. ಮೈಸೂರು ಸಂಸ್ಥಾನವು ೧೮೯೪ರಲ್ಲಿ ಶಿಶುವಿವಾಹ ನಿಷೇಧ ಕಾನೂನನ್ನು ತಂದು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನು ತಡೆಯಿತು. ಅಂದಿನ ವಾದವಿವಾದಗಳನ್ನು ಓದಿದವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಶಾಸ್ತ್ರಜ್ಞರು ಮಾತನಾಡಿದರು, ವೈದ್ಯರು ಮಾತನಾಡಿದರು, ಸುಧಾರಕರೂ ಅವರ ವಿರೋಧಿಗಳೂ ಮಾತನಾಡಿದರು. ಯಾರ ಹೆಸರಿನಲ್ಲಿ ಇಷ್ಟೆಲ್ಲ ನಡೆಯಿತೋ ಆ ಮಕ್ಕಳ ಮಾತು ಮಾತ್ರ ಎಲ್ಲಿಯೂ ಕೇಳಿಸುವುದಿಲ್ಲ. ಮಗು ಅಲ್ಲಿ ಚರ್ಚೆಯ ವಸ್ತುವಾಗಿತ್ತೇ ವಿನಾ ಮಾತನಾಡುವ ವ್ಯಕ್ತಿಯಾಗಿರಲಿಲ್ಲ.

ಮಗುವೂ ಮಾತನಾಡಬಲ್ಲ ವ್ಯಕ್ತಿ ಎಂಬ ಭಾವನೆ ನಮ್ಮ ನ್ಯಾಯಪದ್ಧತಿಯಲ್ಲಿ ನೆಲೆಗೊಂಡದ್ದು ಬಹು ನಿಧಾನವಾಗಿ. ಮಕ್ಕಳ ಹಕ್ಕುಗಳನ್ನು ಕುರಿತ ೧೯೮೯ರ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತವು ೧೯೯೨ರಲ್ಲಿ ಸಮ್ಮತಿಯಿತ್ತಿತು. ೨೦೦೪ರಲ್ಲಿ ಸಾಕ್ಷಿ ಸಂಸ್ಥೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮೂರು ಕ್ರಮಗಳನ್ನು ಸೂಚಿಸಿತು: ಮಗು ಸಾಕ್ಷ್ಯ ನುಡಿಯುವಾಗ ಆರೋಪಿ ಕಾಣದಂತೆ ತೆರೆಯಿರಬೇಕು, ಪಾಟೀಸವಾಲಿನ ಪ್ರಶ್ನೆಗಳನ್ನು ಬರೆದುಕೊಟ್ಟು ನ್ಯಾಯಾಧೀಶರ ಮೂಲಕ ಕೇಳಿಸಬೇಕು, ನಡುವೆ ಬಿಡುವು ಕೊಡಬೇಕು. ೨೦೧೨ರ ನವೆಂಬರ್ ೧೪ರಂದು ಜಾರಿಗೆ ಬಂದ ಪೋಕ್ಸೊ ಕಾಯಿದೆಯು ಇವನ್ನು ಮೈಗೂಡಿಸಿಕೊಂಡು ಮುಂದೆ ಹೋಯಿತು. ನೂರು ವರ್ಷಗಳ ಹಿಂದಿನ ಮೌನವನ್ನು ನೆನೆದಾಗ ಇದು ಸಾಮಾನ್ಯವಾದ ಮುನ್ನಡೆಯಲ್ಲ. ಮುಂದೆ ಹೇಳುವ ದೋಷಗಳನ್ನು ಈ ಮೆಚ್ಚುಗೆಯ ಜೊತೆಯಲ್ಲಿಯೇ ಓದಿಕೊಳ್ಳಬೇಕಾಗಿ ವಾಚಕರಲ್ಲಿ ಅರಿಕೆ.

೩

ಈಗ ಪಠ್ಯವನ್ನೇ ನೋಡೋಣ. ಕಾಯಿದೆಯ ೨೪ನೆಯ ಕಲಮಿನ ಮೇರೆಗೆ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ, ಇಲ್ಲವೆ ಅದು ಬಯಸಿದ ಸ್ಥಳದಲ್ಲಿ ಬರೆದುಕೊಳ್ಳಬೇಕು. ಸಾಧ್ಯವಾದಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ಅದನ್ನು ಬರೆದುಕೊಳ್ಳಬೇಕು, ಪೊಲೀಸರು ಸಮವಸ್ತ್ರದಲ್ಲಿರಬಾರದು, ರಾತ್ರಿಯ ವೇಳೆ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳಬಾರದು. ೨೬ನೆಯ ಕಲಮಿನ ಪ್ರಕಾರ ತಾಯಿತಂದೆಗಳಾಗಲಿ ಮಗುವಿಗೆ ನಂಬಿಕೆಯಿರುವ ಇನ್ನಾರಾದರೂ ಆಗಲಿ ಆಗ ಹತ್ತಿರವಿರಬೇಕು. ೩೩ನೆಯ ಕಲಂ ಮಗುವನ್ನು ಮತ್ತೆ ಮತ್ತೆ ನ್ಯಾಯಾಲಯಕ್ಕೆ ಕರೆಸಬಾರದೆನ್ನುತ್ತದೆ. ೩೫ನೆಯದು, ವಿಶೇಷ ನ್ಯಾಯಾಲಯವು ಪ್ರಕರಣವನ್ನು ಗಣನೆಗೆ ತೆಗೆದುಕೊಂಡ ೩೦ ದಿನಗಳೊಳಗೆ ಮಗುವಿನ ಸಾಕ್ಷ್ಯವನ್ನು ದಾಖಲಿಸಬೇಕೆಂದೂ, ಸಾಧ್ಯವಾದಮಟ್ಟಿಗೆ ಒಂದು ವರ್ಷದೊಳಗೆ ವಿಚಾರಣೆಯನ್ನು ಮುಗಿಸಬೇಕೆಂದೂ ಹೇಳುತ್ತದೆ. ದೂರಿನ ವಿಷಯವನ್ನು ಪೊಲೀಸರು ೨೪ ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು.

ಈ ರಕ್ಷಣೆಗಳಲ್ಲಿ ಒಂದೊಂದೂ ಒಂದೊಂದು ಕಚೇರಿಗೆ ಸೇರಿದ್ದೆಂಬುದನ್ನು ಗಮನಿಸಬೇಕು. ಠಾಣೆಯವರ ಕರ್ತವ್ಯ ಬೇರೆ, ವೈದ್ಯರದು ಬೇರೆ, ಮ್ಯಾಜಿಸ್ಟ್ರೇಟರದು ಬೇರೆ, ಸಮಿತಿಯದು ಬೇರೆ, ನ್ಯಾಯಾಲಯದ್ದು ಬೇರೆ. ಪ್ರತಿಯೊಬ್ಬರೂ ತಮ್ಮ ಬಾಗಿಲಿನಲ್ಲಿ ಮಗುವನ್ನು ಸೌಜನ್ಯದಿಂದ ಬರಮಾಡಿಕೊಂಡರೆಂದೇ ಇಟ್ಟುಕೊಳ್ಳೋಣ. ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಮಗುವನ್ನೂ ಅದರ ತಾಯಿಯನ್ನೂ ಕರೆದೊಯ್ಯುವವರು ಯಾರು? ಈ ಪ್ರಶ್ನೆಗೆ ನಿಯಮಾವಳಿ ಕೊಟ್ಟಿರುವ ಉತ್ತರವೇ 'ಬೆಂಬಲ ವ್ಯಕ್ತಿ'. ತನಿಖೆ ಮತ್ತು ವಿಚಾರಣೆಗಳ ಉದ್ದಕ್ಕೂ ಮಗುವಿಗೆ ನೆರವಾಗುವುದು, ಮುಂದೇನು ನಡೆಯುತ್ತದೆಂಬುದನ್ನು ಮಗುವಿಗೂ ಮನೆಯವರಿಗೂ ತಿಳಿಸುವುದು, ಆರೋಪಿಯಿಂದ ಭಯವಿದ್ದರೆ ಅದನ್ನು ಅಧಿಕಾರಿಗಳ ಕಿವಿಗೆ ಹಾಕುವುದು, ಕೇಳಿದ್ದನ್ನೆಲ್ಲ ಗೋಪ್ಯವಾಗಿಡುವುದು: ಇವು ಆ ವ್ಯಕ್ತಿಯ ಕರ್ತವ್ಯಗಳು. ಮಗುವಿನ ಆರೋಗ್ಯ, ಶಾಲೆ, ಮನೆಯ ಸ್ಥಿತಿಗಳನ್ನು ಕುರಿತು ಸಮಿತಿಯು ಅವರಿಂದ ತಿಂಗಳು ತಿಂಗಳೂ ವರದಿಯನ್ನು ತರಿಸಿಕೊಳ್ಳಬೇಕು. ಆ ವ್ಯಕ್ತಿ ಬೇಡವೆನಿಸಿದರೆ ಕಾರಣ ಹೇಳದೆಯೇ ಬಿಡಿಸಿಕೊಳ್ಳುವ ಅಧಿಕಾರ ಮಗುವಿಗುಂಟು. ನಿಯಮಾವಳಿಯಲ್ಲಿ ಮಗುವಿನ ಕಡೆಯಿಂದ ಯೋಚಿಸಿ ಬರೆದ ಭಾಗ ಯಾವುದೆಂದು ಕೇಳಿದರೆ ಇದನ್ನೇ ತೋರಿಸಬೇಕು.

ಹೀಗಿದ್ದರೂ ಈ ಭಾಗದಲ್ಲಿ ಮೂರು ಕೊರತೆಗಳು ಕಾಣುತ್ತವೆ. ಮೊದಲನೆಯದು ಕ್ರಿಯಾಪದದಲ್ಲಿದೆ. ಪೊಲೀಸರು ತಿಳಿಸ'ತಕ್ಕದ್ದು', ಸಮಿತಿಯು ಬೆಂಬಲ ವ್ಯಕ್ತಿಯನ್ನು ಒದಗಿಸ'ಬಹುದು'. ಮಗುವಿನ ಮತ್ತು ಮನೆಯವರ ಒಪ್ಪಿಗೆ ಬೇಕೆಂಬುದು ಸರಿಯೇ. ಆದರೆ ಒಪ್ಪಿಗೆ ಕೇಳುವುದು ಬೇರೆ, ಕೇಳದೆಯೇ ಇರಲು ಅವಕಾಶವಿರುವುದು ಬೇರೆ. ಎರಡನೆಯದು ಆಯ್ಕೆಗೆ ಸಂಬಂಧಿಸಿದ್ದು. ಮಗು ಯಾವ ಬಾಲಮಂದಿರದ ಅಥವಾ ಆಶ್ರಯಗೃಹದ ವಶದಲ್ಲಿರುವುದೋ ಅದರ ಅಧಿಕಾರಿಯೇ ಬೆಂಬಲ ವ್ಯಕ್ತಿಯಾಗಬಹುದೆಂದು ನಿಯಮಾವಳಿ ಹೇಳುತ್ತದೆ. ಆರೋಪ ಆ ಸಂಸ್ಥೆಯೊಳಗಿನವರ ಮೇಲೆಯೇ ಬಂದರೇನು ಗತಿ ಎಂಬ ವಿಚಾರ ಅಲ್ಲಿಲ್ಲ. ಮೂರನೆಯದು ಕಾಲಕ್ಕೆ ಸಂಬಂಧಿಸಿದ್ದು. ವಿಚಾರಣೆ ಮುಗಿದೊಡನೆ ಈ ಕರ್ತವ್ಯವೂ ಮುಗಿಯುತ್ತದೆ. ತೀರ್ಪು ಬಂದ ಮರುದಿನ ಮಗುವಿನ ಜೊತೆ ಯಾರೂ ಇರುವುದಿಲ್ಲ.

ಮೊದಲನೆಯ ಕೊರತೆಯನ್ನು ಸರ್ವೋಚ್ಚ ನ್ಯಾಯಾಲಯವೇ ಗುರುತಿಸಿದೆ. ೨೦೨೩ರ ಆಗಸ್ಟ್ ೧೮ರಂದು ಬಚಪನ್ ಬಚಾವೋ ಆಂದೋಲನದ ಅರ್ಜಿಯ ಮೇಲೆ ಕೊಟ್ಟ ತೀರ್ಪಿನಲ್ಲಿ, ಬೆಂಬಲ ವ್ಯಕ್ತಿಯನ್ನು ಒದಗಿಸುವುದು ರಾಜ್ಯದ ಹೊಣೆಯೆಂದೂ ಅದನ್ನು ಐಚ್ಛಿಕವೆಂದು ಎಣಿಸಲಾಗದೆಂದೂ ಅದು ಹೇಳಿತು. ಇಂಥ ನೆರವು ಪಡೆಯುವ ಹಕ್ಕುಂಟೆಂಬುದನ್ನು ಪ್ರತಿಯೊಂದು ಪ್ರಕರಣದಲ್ಲಿಯೂ ತಾಯಿತಂದೆಗಳಿಗೆ ತಿಳಿಸಬೇಕೆಂದೂ ವಿಧಿಸಿತು. ತೀರ್ಪು ನಿಯಮದ ಅರ್ಥವನ್ನು ಬಲಪಡಿಸಿತು. ಆದರೆ ನಿಯಮಾವಳಿಯ ಪ್ರತಿಯನ್ನು ಕೈಯಲ್ಲಿ ಹಿಡಿದ ತಾಲ್ಲೂಕಿನ ಅಧಿಕಾರಿಯ ಕಣ್ಣಿಗೆ ಬೀಳುವುದು ಮೂಲದ 'ಬಹುದು' ಎಂಬ ಮಾತೇ.

೪

ಈ ಕೊರತೆಗಳು ಬರಿಯ ಶಬ್ದವಿಚಾರವಲ್ಲವೆಂಬುದನ್ನು ನಮ್ಮ ಊರಿನ ಇತ್ತೀಚಿನ ಚರಿತ್ರೆಯೇ ತೋರಿಸುತ್ತದೆ. ೨೦೨೨ರ ಆಗಸ್ಟ್ ೨೬ರಂದು ಚಿತ್ರದುರ್ಗದ ಮುರುಘಾ ಮಠದ ಅಂದಿನ ಪೀಠಾಧ್ಯಕ್ಷರ ಮೇಲೆ, ಮಠದ ವಿದ್ಯಾರ್ಥಿನಿಲಯದಲ್ಲಿದ್ದ ಬಾಲಿಕೆಯರ ಸಂಬಂಧವಾಗಿ, ಪೋಕ್ಸೊ ಕಾಯಿದೆಯ ಅಡಿಯಲ್ಲಿ ದೂರು ದಾಖಲಾಯಿತು. ಸೆಪ್ಟೆಂಬರ್ ೧ರಂದು ಅವರ ಬಂಧನವಾಯಿತು. ಅವರು ಆರೋಪವನ್ನು ನಿರಾಕರಿಸಿದರು. ೨೦೨೩ರ ನವೆಂಬರಿನಲ್ಲಿ ಉಚ್ಚ ನ್ಯಾಯಾಲಯ ಜಾಮೀನು ನೀಡಿತು. ೨೦೨೫ರ ನವೆಂಬರ್ ೨೬ರಂದು ಚಿತ್ರದುರ್ಗದ ನ್ಯಾಯಾಲಯವು ಈ ಪ್ರಕರಣದಲ್ಲಿ ಅವರನ್ನು ಖುಲಾಸೆ ಮಾಡಿತು. ಆ ತೀರ್ಪಿನ ಗುಣದೋಷಗಳ ವಿವೇಚನೆ ಈ ಲೇಖನದ ಉದ್ದೇಶವಲ್ಲ. ನ್ಯಾಯಾಲಯ ನಿರ್ದೋಷಿಯೆಂದು ಬಿಟ್ಟವರನ್ನು ಅನ್ಯಥಾ ಭಾವಿಸುವುದು ಉಚಿತವೂ ಅಲ್ಲ. ನಮಗಿಲ್ಲಿ ಬೇಕಾಗಿರುವುದು ದೂರಿಗೂ ತೀರ್ಪಿಗೂ ನಡುವಿನ ಮೂರು ವರ್ಷಗಳಲ್ಲಿ ಕಾರ್ಯವಿಧಾನ ನಡೆದ ಬಗೆ ಮಾತ್ರ.

ಇಲ್ಲಿ ಮೂರು ಸಂಗತಿಗಳು ಗಮನಾರ್ಹವಾಗಿವೆ. ಒಂದನೆಯದಾಗಿ, ದೂರು ಮೊದಲು ದಾಖಲಾದದ್ದು ಚಿತ್ರದುರ್ಗದಲ್ಲಲ್ಲ. ಇನ್ನೂರು ಕಿಲೋಮೀಟರಿಗೂ ಮಿಕ್ಕು ದೂರದ ಮೈಸೂರಿನ ನಜರಬಾದ್ ಠಾಣೆಯಲ್ಲಿ. ಅಲ್ಲಿಯ ಒಡನಾಡಿ ಸೇವಾಸಂಸ್ಥೆಯ ಮುಂದೆ ಬಾಲಿಕೆಯರು ತಮ್ಮ ಮಾತನ್ನು ಹೇಳಿಕೊಂಡರು. ಬಳಿಕ ಪ್ರಕರಣ ಚಿತ್ರದುರ್ಗ ಗ್ರಾಮಾಂತರ ಠಾಣೆಗೆ ವರ್ಗವಾಯಿತು. ಮಾತನ್ನು ಕೇಳಿ ಜೊತೆಗೆ ನಿಲ್ಲುವವರು ದೂರದ ಜಿಲ್ಲೆಯಲ್ಲಿ ದೊರೆತರೆಂಬುದು, ಪ್ರಕರಣದ ಸತ್ಯಾಸತ್ಯತೆ ಏನೇ ಇರಲಿ, ನಮ್ಮ ಜಿಲ್ಲೆಯ ವ್ಯವಸ್ಥೆ ಯೋಚಿಸಬೇಕಾದ ಸಂಗತಿ. ಎರಡನೆಯದಾಗಿ, ೨೦೨೪ರ ಏಪ್ರಿಲ್ ೨೩ರಂದು ಸರ್ವೋಚ್ಚ ನ್ಯಾಯಾಲಯವು ಜಾಮೀನನ್ನು ನಾಲ್ಕು ತಿಂಗಳ ಕಾಲ ತಡೆಹಿಡಿದು, ಆ ಅವಧಿಯಲ್ಲಿ ಬಾಲಿಕೆಯರೂ ಸೇರಿದಂತೆ ಮುಖ್ಯ ಸಾಕ್ಷಿಗಳ ವಿಚಾರಣೆಯನ್ನು ಮುಗಿಸುವಂತೆ ಸೂಚಿಸಿತು. ಕಾಯಿದೆಯಲ್ಲಿ ೩೦ ದಿನಗಳ ಮಾತಿದ್ದರೂ ದೂರಾಗಿ ಇಪ್ಪತ್ತು ತಿಂಗಳಾದ ಮೇಲೆಯೂ ಸಾಕ್ಷ್ಯ ಮುಗಿದಿರಲಿಲ್ಲವೆಂಬುದು ಈ ಆಜ್ಞೆಯಿಂದಲೇ ವೇದ್ಯವಾಗುತ್ತದೆ. ಬೆಳೆಯುವ ವಯಸ್ಸಿನಲ್ಲಿ ಇಪ್ಪತ್ತು ತಿಂಗಳೆಂದರೆ ಎರಡು ತರಗತಿಗಳು. ಮೂರನೆಯದಾಗಿ, ವಿದ್ಯಾರ್ಥಿನಿಲಯದಲ್ಲಿರುವ ಮಗುವಿಗೆ ಅನ್ನ, ಪಾಠ, ಆಶ್ರಯಗಳೆಲ್ಲ ಒಂದೇ ಕಡೆಯಿಂದ ಬರುತ್ತವೆ. ಇಂಥ ಯಾವ ಸಂಸ್ಥೆಯ ಮೇಲೆ ಆರೋಪ ಬಂದರೂ ಅಲ್ಲಿರುವ ಎಲ್ಲ ಮಕ್ಕಳ ಬದುಕೂ ಅಲುಗಾಡುತ್ತದೆ. ದೂರಿತ್ತ ಮಗುವಿಗೂ ದೂರು ಕೊಡದ ಮಗುವಿಗೂ ಸಂಸ್ಥೆಗೆ ಸಂಬಂಧಪಡದ ಒಬ್ಬರ ನೆರವು ಬೇಕಾಗುವುದು ಇಂಥ ಸಮಯದಲ್ಲಿಯೇ.

ಖುಲಾಸೆಯ ತೀರ್ಪಿನ ಕುರಿತು ಇನ್ನೊಂದು ಮಾತು. ಇಂಥ ತೀರ್ಪು ಆರೋಪಿಗೆ ಅವನ ಮಾನವನ್ನು ಹಿಂತಿರುಗಿಸಬೇಕು; ಅದು ನ್ಯಾಯ. ಅದೇ ತೀರ್ಪನ್ನು ಸಾಕ್ಷ್ಯ ನುಡಿದ ಮಗುವಿಗೆ ಅದರ ತಿಳಿವಳಿಕೆಗೆ ಎಟಕುವ ಮಾತಿನಲ್ಲಿ ಹೇಳುವವರೂ ಬೇಕು. ಸಂದೇಹಾತೀತವಾಗಿ ರುಜುವಾತಾಗಲಿಲ್ಲವೆಂಬ ಕಾನೂನಿನ ಮಾತು ಊರಿನ ಬಾಯಲ್ಲಿ ಬೇರೆ ರೂಪ ತಾಳುತ್ತದೆ. ಸಂಭವನೀಯ ಫಲಿತಾಂಶಗಳನ್ನು ಮಗುವಿಗೆ ಮುಂಚಿತವಾಗಿ ತಿಳಿಸುವುದು ಬೆಂಬಲ ವ್ಯಕ್ತಿಯ ಕರ್ತವ್ಯವೆಂದು ನಿಯಮಾವಳಿಯೇ ಹೇಳಿದೆ. ಯಾವ ಪ್ರಕರಣದಲ್ಲಾಗಲಿ, ಆ ಕರ್ತವ್ಯದ ಭಾರ ತಿಳಿಯುವುದು ತೀರ್ಪಿನ ದಿನದಂದು.

೫

ಸುದ್ದಿಪತ್ರಿಕೆಗಳ ಮೊದಲ ಪುಟಕ್ಕೆ ಬಂದ ಪ್ರಕರಣದಿಂದ ಈಗ ಯಾವ ಪತ್ರಿಕೆಗೂ ಬಾರದ ಪ್ರಕರಣಗಳ ಕಡೆಗೆ ತಿರುಗೋಣ. ಮಕ್ಕಳ ಕಲ್ಯಾಣ ಸಮಿತಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಜಿಲ್ಲಾ ಆಸ್ಪತ್ರೆ, ವಿಶೇಷ ನ್ಯಾಯಾಲಯ ಇವೆಲ್ಲ ಚಿತ್ರದುರ್ಗ ನಗರದಲ್ಲಿವೆ. ಹೊಳಲ್ಕೆರೆಯಿಂದ ಇಲ್ಲಿಗೆ ಮೂವತ್ತು ಕಿಲೋಮೀಟರಿಗೂ ಮಿಕ್ಕ ದಾರಿ. ಹಿರಿಯೂರಿನಿಂದ ಸುಮಾರು ನಲವತ್ತು. ಹೊಸದುರ್ಗದಿಂದ ಐವತ್ತಕ್ಕೂ ಮಿಕ್ಕು. ಇವು ಪಟ್ಟಣದಿಂದ ಪಟ್ಟಣಕ್ಕೆ ಇರುವ ದೂರಗಳು. ಹಳ್ಳಿಯಿಂದ, ಹಟ್ಟಿಯಿಂದ, ತಾಂಡಾದಿಂದ ಹೊರಡುವವರು ಮೊದಲು ತಾಲ್ಲೂಕಿನ ಬಸ್ ನಿಲ್ದಾಣಕ್ಕೆ ಬರಬೇಕು. ಹೊಳಲ್ಕೆರೆಯ ಕಡೆ ಅಡಿಕೆ ಸುಲಿಯುವ ಕೂಲಿಗೆ ಹೋಗುವ ತಾಯಿಗೆ ಒಂದು ದಿನದ ಪ್ರಯಾಣವೆಂದರೆ ಒಂದು ದಿನದ ಕೂಲಿ ಹೋದಂತೆ. ವೈದ್ಯಕೀಯ ಪರೀಕ್ಷೆಗೆ ಒಂದು ದಿನ, ಸಮಿತಿಯ ಮುಂದೆ ಒಂದು ದಿನ, ಮ್ಯಾಜಿಸ್ಟ್ರೇಟರ ಮುಂದೆ ಒಂದು ದಿನ, ನ್ಯಾಯಾಲಯದ ವಾಯಿದೆಗಳು ಎಷ್ಟೋ. ಮುಂದೂಡಿದ ವಾಯಿದೆಯ ಸುದ್ದಿ ಅವರಿಗೆ ತಲುಪುವುದು ಅನೇಕ ವೇಳೆ ನ್ಯಾಯಾಲಯದ ಬಾಗಿಲಿಗೆ ಬಂದ ಮೇಲೆ.

ಈ ಕಷ್ಟವನ್ನು ನಿಯಮಾವಳಿ ಅರಿಯದೆ ಇಲ್ಲ. ಊಟ, ಬಟ್ಟೆ, ಪ್ರಯಾಣಗಳಿಗಾಗಿ ತತ್‌ಕ್ಷಣ ಹಣ ಕೊಡುವಂತೆ ಸಮಿತಿಯು ಶಿಫಾರಸು ಮಾಡಬಹುದೆಂದೂ, ಆ ಹಣ ಒಂದು ವಾರದೊಳಗೆ ಮಗುವಿಗೆ ಸೇರಬೇಕೆಂದೂ ಎಂಟನೆಯ ನಿಯಮ ಹೇಳುತ್ತದೆ. ಒಂಬತ್ತನೆಯ ನಿಯಮದ ಪ್ರಕಾರ ವಿಶೇಷ ನ್ಯಾಯಾಲಯವು ತೀರ್ಪಿಗೆ ಮೊದಲೇ ಮಧ್ಯಂತರ ಪರಿಹಾರವನ್ನು ಕೊಡಿಸಬಹುದು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯು ತನಿಖೆಯ ಪ್ರಗತಿಯನ್ನು ೯೦ ದಿನಗಳೊಳಗೆ ಸಂತ್ರಸ್ತರಿಗೆ ಅಥವಾ ದೂರುದಾರರಿಗೆ ತಿಳಿಸಬೇಕೆಂದು ವಿಧಿಸಿದೆ. ಆದರೆ ಇವುಗಳನ್ನು ಕೇಳಿ ಪಡೆಯಬೇಕಾದರೆ ಇಂಥವಿವೆ ಎಂದು ಗೊತ್ತಿರಬೇಕು. ಅರ್ಜಿ ಬರೆಯುವವರು ಬೇಕು. ಅದರ ಬೆನ್ನು ಹತ್ತುವವರು ಬೇಕು. ಬೆಂಬಲ ವ್ಯಕ್ತಿ ಇಲ್ಲದ ಕಡೆ ಈ ನಿಯಮಗಳು ಪುಸ್ತಕದಲ್ಲಿಯೇ ಉಳಿಯುತ್ತವೆ.

ಭಾಷೆಯ ವಿಚಾರವೂ ಇದೆ. ನಮ್ಮ ತಾಲ್ಲೂಕುಗಳ ಲಂಬಾಣಿ ತಾಂಡಾಗಳಲ್ಲಿ ಬೆಳೆದ ಸಣ್ಣ ಮಗುವಿಗೆ ಮನೆಮಾತು ಕನ್ನಡವಲ್ಲ. ಆಂಧ್ರದ ಗಡಿಯ ಕಡೆಗೆ ತೆಲುಗು ಮನೆಮಾತಾಗಿರುವ ಕುಟುಂಬಗಳೂ ಇವೆ. ೩೮ನೆಯ ಕಲಂ ಭಾಷಾಂತರಕಾರರ ನೆರವನ್ನು ಒದಗಿಸುತ್ತದೆ. ಆದರೆ ಮೈಯ ಅಂಗಾಂಗಗಳಿಗೆ ಮಗು ಮನೆಯಲ್ಲಿ ಬಳಸುವ ಮಾತು, ಅಂಜಿಕೆಯನ್ನು ಹೇಳುವ ಮಾತು, ಇವು ಕಾಗದಪತ್ರದ ಕನ್ನಡಕ್ಕೆ ತಿರುಗುವಾಗ ಎಷ್ಟು ಉಳಿದೀತು, ಎಷ್ಟು ಕಳೆದುಹೋದೀತು ಎಂಬುದನ್ನು ಹಳೆಯ ದಾಖಲೆಗಳನ್ನು ಓದಿ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ನಿಯಮಾವಳಿಯ ಶಬ್ದವೇ ಇದಕ್ಕೊಂದು ನಿದರ್ಶನ. 'ಬೆಂಬಲ ವ್ಯಕ್ತಿ' ಎಂಬುದು ಇಂಗ್ಲಿಷಿನ ನೆರಳು. ಹಳ್ಳಿಯ ತಾಯಿಗೆ ಅದು ಏನನ್ನೂ ಹೇಳದು. 'ಒಡನಿರುವವರು', 'ಜೊತೆಗಾರರು' ಎಂದರೆ ಕೂಡಲೇ ತಿಳಿದೀತು.

೬

ಇಲ್ಲಿ ಚರಿತ್ರೆಯ ವಿದ್ಯೆಗೆ ಸೇರಿದ ಒಂದು ಮಾತನ್ನು ಹೇಳಬೇಕು. ಒಂದೇ ಘಟನೆಯನ್ನು ಕುರಿತ ನಾಲ್ಕು ದಾಖಲೆಗಳು ದೊರೆತಾಗ ಅವುಗಳಲ್ಲಿ ವ್ಯತ್ಯಾಸಗಳಿರುವುದು ನಮಗೆ ಅಚ್ಚರಿಯಲ್ಲ. ಯಾರು ಕೇಳಿದರು, ಯಾವಾಗ ಕೇಳಿದರು, ಹೇಗೆ ಕೇಳಿದರು, ಬರೆದುಕೊಂಡವರು ಯಾರು ಎಂಬುದರ ಮೇಲೆ ಬರಹದ ರೂಪ ನಿಂತಿದೆ. ವ್ಯತ್ಯಾಸವಿದೆಯೆಂದ ಮಾತ್ರಕ್ಕೆ ದಾಖಲೆ ಸುಳ್ಳಲ್ಲ. ಒಂದೇ ರೀತಿ ಇದೆಯೆಂದ ಮಾತ್ರಕ್ಕೆ ನಿಜವೂ ಅಲ್ಲ. ಶೋಷಣೆಗೆ ಒಳಗಾದೆನೆಂದು ಹೇಳುವ ಮಗು ತನ್ನ ಮಾತನ್ನು ಮೊದಲು ತಾಯಿಗೋ ಶಿಕ್ಷಕರಿಗೋ ಹೇಳುತ್ತದೆ. ಬಳಿಕ ಪೊಲೀಸರಿಗೆ, ವೈದ್ಯರಿಗೆ, ಸಮಿತಿಗೆ, ಮ್ಯಾಜಿಸ್ಟ್ರೇಟರಿಗೆ, ಕೊನೆಗೆ ನ್ಯಾಯಾಲಯಕ್ಕೆ. ಆರು ಬಾರಿ ಹೇಳಿದ ಮಾತಿನಲ್ಲಿ ಮೂಡುವ ವ್ಯತ್ಯಾಸಗಳು ಪಾಟೀಸವಾಲಿನ ಬಂಡವಾಳವಾಗುತ್ತವೆ. ಹೇಳಿಸುವ ಬಾರಿಗಳು ಕಡಿಮೆಯಾದಷ್ಟೂ ಮಗುವಿಗೂ ಹಿತ, ಸತ್ಯಶೋಧನೆಗೂ ಹಿತ, ಆರೋಪಿಯ ನ್ಯಾಯಕ್ಕೂ ಹಿತ.

ಬೇರೆ ದೇಶಗಳು ಈ ಪ್ರಶ್ನೆಯನ್ನು ಎದುರಿಸಿದ ರೀತಿ ಉಪಯುಕ್ತವಾಗಿದೆ. ಇಸ್ರೇಲಿನಲ್ಲಿ ೧೯೫೫ರ ಕಾನೂನು ತರಬೇತಿ ಪಡೆದ ವಿಶೇಷ ವಿಚಾರಕರೇ ಮಗುವಿನ ಮಾತನ್ನು ಕೇಳಿ, ಅದರ ಪರವಾಗಿ ನ್ಯಾಯಾಲಯಕ್ಕೆ ತಿಳಿಸುವ ಏರ್ಪಾಡನ್ನು ಮಾಡಿತು. ಅಮೆರಿಕದ ಅಲಬಾಮ ಸಂಸ್ಥಾನದ ಹಂಟ್ಸ್‌ವಿಲ್‌ನಲ್ಲಿ ೧೯೮೫ರಲ್ಲಿಯೂ, ಐಸ್‌ಲೆಂಡಿನ ರಾಜಧಾನಿಯಲ್ಲಿ ೧೯೯೮ರಲ್ಲಿಯೂ, ಪೊಲೀಸರು, ವೈದ್ಯರು, ಮಕ್ಕಳ ರಕ್ಷಣೆಯವರು ಎಲ್ಲರೂ ಮಗುವಿದ್ದಲ್ಲಿಗೇ ಬರುವ ಒಂದೇ ಮನೆಯ ಪದ್ಧತಿ ಆರಂಭವಾಯಿತು. ಕಚೇರಿಯಿಂದ ಕಚೇರಿಗೆ ಮಗು ಅಲೆಯುವುದರ ಬದಲು ಕಚೇರಿಗಳೇ ಮಗುವಿನ ಕಡೆಗೆ ಬರಬೇಕೆಂಬುದು ಅದರ ತತ್ತ್ವ. ನಮ್ಮಲ್ಲಿಯೂ ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆಯಂಥವು ಬೆಂಬಲ ವ್ಯಕ್ತಿಗಳನ್ನು ಒದಗಿಸುವ ಕಾರ್ಯದಲ್ಲಿ ತೊಡಗಿವೆ. ಆದರೆ ಬೆಂಗಳೂರಿನಲ್ಲಿ ಸುಲಭವಾಗಿ ದೊರೆಯುವ ನೆರವು ಹೊಸದುರ್ಗದಲ್ಲಿಯೂ ದೊರೆಯುವುದೆಂದು ಭಾವಿಸಲಾಗದು.

ಇದಕ್ಕೆ ಎದುರಾಗಿ ಒಂದು ಆಕ್ಷೇಪಣೆ ಬರುತ್ತದೆ. ಜೊತೆಗಿರುವವರೇ ಮಗುವಿಗೆ ಮಾತು ಕಲಿಸಿದರೆ ಏನು ಗತಿ? ಈ ಆತಂಕ ನಿರಾಧಾರವಲ್ಲ. ಕ್ಯಾಲಿಫೋರ್ನಿಯದಲ್ಲಿ ೧೯೮೩ರಿಂದ ೧೯೯೦ರವರೆಗೆ ನಡೆದ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಪ್ರಕರಣದಲ್ಲಿ ಸೂಚನಾಪೂರ್ವಕ ಪ್ರಶ್ನೆಗಳಿಂದ ಮಕ್ಕಳ ಹೇಳಿಕೆಗಳು ಕೆಟ್ಟುಹೋದವು. ಯಾರಿಗೂ ಶಿಕ್ಷೆಯಾಗಲಿಲ್ಲ, ಅನೇಕರ ಬಾಳು ಹಾಳಾಯಿತು. ಇಂಗ್ಲೆಂಡಿನ ಕ್ಲೀವ್‌ಲೆಂಡಿನಲ್ಲಿ ೧೯೮೭ರಲ್ಲಿ ವೈದ್ಯಕೀಯ ಅಭಿಪ್ರಾಯವೊಂದನ್ನೇ ನಂಬಿ ಅನೇಕ ಮಕ್ಕಳನ್ನು ಮನೆಗಳಿಂದ ಬೇರ್ಪಡಿಸಿದಾಗ, ಮುಂದಿನ ವರ್ಷದ ವಿಚಾರಣಾ ವರದಿಯು, ಮಗು ಒಂದು ವ್ಯಕ್ತಿ, ಕೇವಲ ಕಾಳಜಿಯ ವಸ್ತುವಲ್ಲವೆಂದು ಎಚ್ಚರಿಸಿತು. ಆದುದರಿಂದ ಕೆಲಸಗಳ ನಡುವೆ ಗೆರೆ ಸ್ಪಷ್ಟವಾಗಿರಬೇಕು. ಘಟನೆಯನ್ನು ಕುರಿತು ಪ್ರಶ್ನಿಸುವುದು ತನಿಖಾಧಿಕಾರಿಯ ಕೆಲಸ. ಒಡನಿರುವವರದು ಪ್ರಶ್ನಿಸುವ ಕೆಲಸವಲ್ಲ, ಹೇಳಿಕೊಡುವ ಕೆಲಸವಂತೂ ಅಲ್ಲ. ನ್ಯಾಯಾಲಯದ ಕೋಣೆ ಹೇಗಿರುತ್ತದೆ, ಯಾರೆಲ್ಲ ಇರುತ್ತಾರೆ, ತಿಳಿಯದಿದ್ದರೆ 'ತಿಳಿಯದು' ಎನ್ನಬಹುದು ಎಂದು ಹೇಳುವುದು ನೆರವು. ಏನು ಹೇಳಬೇಕೆಂದು ಹೇಳುವುದು ಅಪರಾಧಕ್ಕೆ ಸಮೀಪವಾದದ್ದು. ಈ ಗೆರೆಯನ್ನು ಬಲ್ಲ ತರಬೇತಾದ ವ್ಯಕ್ತಿ ಇಲ್ಲದ ಕಡೆ ಆ ಸ್ಥಾನವನ್ನು ತುಂಬುವವರು ನೆರೆಹೊರೆಯವರು, ಊರಿನ ಮುಖಂಡರು, ರಾಜಿಗೆ ಬರುವವರು. ಮಗುವಿನ ಮಾತು ಕೆಡುವ ಅಪಾಯ ಅಲ್ಲಿಯೇ ಹೆಚ್ಚು.

ಕರ್ನಾಟಕದ ವಿಶೇಷ ನ್ಯಾಯಾಲಯಗಳನ್ನು ಕುರಿತು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಮಕ್ಕಳ ಮತ್ತು ಕಾನೂನು ಕೇಂದ್ರವು ೨೦೧೭ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿತು. ಮಕ್ಕಳೇ ಮೊದಲಿನ ಹೇಳಿಕೆಯಿಂದ ಹಿಂದೆ ಸರಿದು ಪ್ರತಿಕೂಲ ಸಾಕ್ಷಿಗಳಾಗುವುದು ಅದರಲ್ಲಿ ಎದ್ದುಕಾಣುವ ಸಂಗತಿಗಳಲ್ಲೊಂದು. ಇದನ್ನು ನೋಡಿ ದೂರುಗಳೇ ಸುಳ್ಳೆಂದು ತೀರ್ಮಾನಿಸುವವರುಂಟು. ಆದರೆ ಆರೋಪಿಯು ಮನೆಯವನೋ ನೆಂಟನೋ ಸಾಲ ಕೊಟ್ಟವನೋ ಆಗಿದ್ದು, ವರ್ಷಗಟ್ಟಲೆ ವಾಯಿದೆ ಬೀಳುತ್ತಿದ್ದರೆ, ಮಾತನ್ನು ಹಿಂದಕ್ಕೆ ಪಡೆಯುವುದು ಸುಳ್ಳಿನ ಲಕ್ಷಣವಾಗಿರದೆ ದಣಿವಿನ ಲಕ್ಷಣವೂ ಆಗಿರಬಹುದು.

೭

ಕುಟುಂಬದ ವಿಷಯದಲ್ಲಿ ನಿಯಮಾವಳಿ ಒಂದು ಸರಳ ಭಾವನೆಯನ್ನು ಇಟ್ಟುಕೊಂಡಿದೆ: ಮಗುವಿನ ಹಿತವೂ ಮನೆಯವರ ಹಿತವೂ ಒಂದೇ ಎಂಬುದು. ವಸ್ತುಸ್ಥಿತಿ ಇಷ್ಟು ಸರಳವಲ್ಲ. ಆರೋಪಿಯೇ ಮನೆಗೆ ಅನ್ನ ತರುವವನಾಗಿದ್ದರೆ ಅವನ ಬಂಧನದಿಂದ ಒಲೆ ಆರುತ್ತದೆ; ಆಗ ತಾಯಿಗೆ ಬೇಕಾದದ್ದು ಉಪದೇಶವಲ್ಲ, ಪಡಿತರ ಮತ್ತು ಕೂಲಿ. ಇನ್ನೊಂದು ಬಗೆಯ ಪ್ರಕರಣದಲ್ಲಿ, ಹದಿನೆಂಟು ತುಂಬದ ಹುಡುಗಿ ತನ್ನಿಚ್ಛೆಯಿಂದ ಒಬ್ಬನ ಜ�ತೆ ಹೋದಾಗ ಮನೆಯವರೇ ದೂರುದಾರರಾಗುತ್ತಾರೆ. ಹದಿಹರೆಯದವರ ಖಾಸಗಿತನದ ಹಕ್ಕನ್ನು ಕುರಿತು ಸರ್ವೋಚ್ಚ ನ್ಯಾಯಾಲಯ ತಾನಾಗಿಯೇ ಕೈಗೆತ್ತಿಕೊಂಡ ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ, ಆ ಹೆಣ್ಣುಮಗಳಿಗೆ ಮೂಲ ಘಟನೆಗಿಂತ ಅದರ ಬಳಿಕದ ಪೊಲೀಸು, ಕೋರ್ಟುಗಳ ಅಲೆದಾಟವೇ ಹೆಚ್ಚು ನೋವುಂಟುಮಾಡಿತೆಂಬುದು ೨೦೨೫ರ ಮೇ ತಿಂಗಳ ಆಜ್ಞೆಯಲ್ಲಿ ವ್ಯಕ್ತವಾಗಿದೆ. ಇಂಥ ಕಡೆ ಒಡನಿರುವವರು ಮೊದಲು ಮಗುವಿನವರಾಗಿರಬೇಕು, ಬಳಿಕ ಕುಟುಂಬದವರು. ಒಬ್ಬರೇ ಎರಡನ್ನೂ ನಿಭಾಯಿಸಲಾರದಾಗ ಮನೆಯವರಿಗೆ ಬೇರೆ ನೆರವು ಬೇಕು. ಈ ಭೇದವನ್ನು ನಿಯಮಾವಳಿ ಮಾಡಿಲ್ಲ.

೮

ಮೇಲಿನ ವಿಮರ್ಶೆಯಿಂದ ಹೊರಡುವ ಸೂಚನೆಗಳು ನಾಲ್ಕು. ನಿಯಮದ 'ಬಹುದು' ಎಂಬಲ್ಲಿ 'ತಕ್ಕದ್ದು' ಎಂದಾಗಬೇಕು. ಬೇಡವೆನ್ನುವ ಹಕ್ಕು ಮಗುವಿಗಿರಲಿ, ಕೇಳದಿರುವ ಹಕ್ಕು ಕಚೇರಿಗೆ ಬೇಡ. ಆರೋಪ ಬಂದಿರುವ ಸಂಸ್ಥೆಗೆ ಸಂಬಂಧಪಟ್ಟವರು ಯಾರೂ ಆ ಮಗುವಿನ ಬೆಂಬಲ ವ್ಯಕ್ತಿಯಾಗಕೂಡದು. ಜಿಲ್ಲೆಯ ಪಟ್ಟಿಯಲ್ಲಿ ಹೊಳಲ್ಕೆರೆ, ಹಿರಿಯೂರು, ಹೊಸದುರ್ಗಗಳಲ್ಲಿಯೇ ವಾಸವಾಗಿರುವ, ಅಲ್ಲಿಯ ಮನೆಮಾತುಗಳನ್ನು ಬಲ್ಲ ವ್ಯಕ್ತಿಗಳಿರಬೇಕು. ಅವರಿಗೆ ಸಕಾಲದಲ್ಲಿ ಸಂಭಾವನೆಯೂ ಪ್ರಯಾಣಭತ್ಯವೂ ಸಲ್ಲಬೇಕು. ತೀರ್ಪು ಏನೇ ಆಗಲಿ, ಅದರ ನಂತರವೂ ಕೆಲವು ತಿಂಗಳು ಈ ನೆರವು ಮುಂದುವರಿಯಬೇಕು.

ನಾಲ್ಕೂ ಸರ್ಕಾರದ ಕೈಯಲ್ಲಿರುವ ಮಾತುಗಳು. ನಮ್ಮ ಕೈಯಲ್ಲಿರುವುದೂ ಒಂದಿದೆ. ಪದವಿಪೂರ್ವ ತರಗತಿಗಳ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹದಿನೆಂಟು ತುಂಬದವರು. ಕಾನೂನಿನ ದೃಷ್ಟಿಯಲ್ಲಿ ಅವರು ಮಕ್ಕಳು. ಅವರು ತಮ್ಮ ಸಂಕಟವನ್ನು ಮೊದಲು ಹೇಳಿಕೊಳ್ಳುವುದು ಅನೇಕ ವೇಳೆ ಅಧ್ಯಾಪಕರ ಮುಂದೆ. ೧೯ನೆಯ ಕಲಮಿನ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ ೨೧ನೆಯ ಕಲಮಿನ ಮೇರೆಗೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ, ಸೆರೆವಾಸ ಉಂಟು. ಕಾಲೇಜಿನ ಒಳಗೇ ವಿಚಾರಣೆ ನಡೆಸುವುದು, ಸಂಸ್ಥೆಯ ಹೆಸರು ಕೆಟ್ಟೀತೆಂದು ತಡೆಯುವುದು, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡುವುದು, ಇವು ಮೂರೂ ತಪ್ಪು. ವಿದ್ಯಾರ್ಥಿ ಹೇಳಿದ್ದನ್ನು ಅಡ್ಡ ಬಾಯಿ ಹಾಕದೆ ಕೇಳಬೇಕು. ಹೇಳಿದ ಮಾತುಗಳಲ್ಲಿಯೇ, ದಿನಾಂಕ ಹಾಕಿ, ಬರೆದಿಟ್ಟುಕೊಳ್ಳಬೇಕು. ೧೦೯೮ ಅಥವಾ ೧೧೨ಕ್ಕೆ ಕರೆ ಮಾಡಬೇಕು. ಬೆಂಬಲ ವ್ಯಕ್ತಿಯನ್ನು ಕೇಳುವ ಹಕ್ಕುಂಟೆಂದು ಮಗುವಿಗೂ ಮನೆಯವರಿಗೂ ತಿಳಿಸಬೇಕು. ಆ ಮೇಲೆ ಆ ವಿದ್ಯಾರ್ಥಿಯ ಹಾಜರಿಯ ಕೊರತೆಯನ್ನೂ ಪರೀಕ್ಷೆಯನ್ನೂ ಕುರಿತು ಸದ್ದಿಲ್ಲದೆ ಅನುಕೂಲ ಮಾಡಿಕೊಡಬೇಕು. ಹೆಸರು ಹೊರಬೀಳದಂತೆ ನೋಡಿಕೊಳ್ಳುವುದು ಕಾನೂನಿನ ಕಟ್ಟಳೆಯೂ ಹೌದು, ಮರ್ಯಾದೆಯೂ ಹೌದು.

ಇಸಿಲದ ಮಹಾಮಾತ್ರರವರೆಗೆ ಆಜ್ಞೆ ಬಂದು ತಲುಪಿದ್ದಕ್ಕೆ ಕಲ್ಲಿನ ಸಾಕ್ಷಿಯಿದೆ; ಅಲ್ಲಿಂದ ಮುಂದೆ ಜನರ ಬಳಿಗೆ ಹೇಗೆ ಹೋಯಿತೆಂಬುದಕ್ಕೆ ಸಾಕ್ಷಿಯಿಲ್ಲ. ಇಂದಿನ ಶಾಸನ ದೆಹಲಿಯಿಂದ ಹೊರಟು ಜಿಲ್ಲಾ ಕೇಂದ್ರಕ್ಕೆ ಬಂದು ಸೇರಿದೆ. ಅಲ್ಲಿಂದ ಹೊಸದುರ್ಗದ ಬಸ್ಸು ಹತ್ತಿ ಹಳ್ಳಿಗೆ ಹಿಂತಿರುಗುವ ತಾಯಿ ಮಗುವಿನ ಜೊತೆ ಇನ್ನೊಬ್ಬರು ಇದ್ದರೇ ಇಲ್ಲವೇ ಎಂಬುದರ ಮೇಲೆ ಅದರ ಬೆಲೆಯನ್ನು ಕಟ್ಟಬೇಕಾಗಿದೆ.